ತೂಕದ ಯಂತ್ರಕ್ಕೆ ಕಾಣದ 60 ಗ್ರಾಂ

ಹೊಟ್ಟೆನೋವು ಅಂತ ಸ್ಕ್ಯಾನ್ ಮಾಡಿಸಿದ್ದೆ. ಪಿತ್ತಕೋಶದಲ್ಲಿ ಕಲ್ಲು ಇದೆಯೇನೋ ಅನ್ನೋ ಅನುಮಾನ. ಕಲ್ಲು ಇರಲಿಲ್ಲ. ನೋವೂ ನಾಲ್ಕು ದಿನದಲ್ಲಿ ತಾನಾಗಿ ಹೋಯಿತು. ಆದರೆ ವರದಿಯ ಮೂರನೇ ಸಾಲಿನಲ್ಲಿ ನಾನು ಹುಡುಕಲು ಹೋಗದೇ ಇದ್ದದ್ದು ಕೂತಿತ್ತು: ಗ್ರೇಡ್ 2 ಫ್ಯಾಟಿ ಲಿವರ್. ಅಂದರೆ ಲಿವರ್‌ನಲ್ಲಿ ಮಧ್ಯಮ ಮಟ್ಟದ ಕೊಬ್ಬು.

ನಾನು ಕುಡಿಯುವುದಿಲ್ಲ. ಯಾರೂ ಕೇಳದೇ ಇದ್ದರೂ ಮೊದಲು ಅದನ್ನೇ ಹೇಳಿದೆ. ವೈದ್ಯರು ನಕ್ಕರು. ಕುಡಿಯದವರಲ್ಲೂ ಬರುತ್ತದೆ, ಈಗಂತೂ ಜಾಸ್ತಿ ಅಂದರು. "ತೂಕ ಇಳಿಸಿ, ವ್ಯಾಯಾಮ ಮಾಡಿ." ಯಾವ ವ್ಯಾಯಾಮ, ಎಷ್ಟು ಹೊತ್ತು, ಎಷ್ಟು ತಿಂಗಳು ಅಂತ ಕೇಳೋಣ ಅನ್ನುವಷ್ಟರಲ್ಲಿ ಮುಂದಿನವರ ಹೆಸರು ಕೂಗಿಯಾಗಿತ್ತು.

ಲೆಕ್ಕ ಬರೆಯುವುದು ನನ್ನ ಹೊಟ್ಟೆಪಾಡು. ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲೇ. ಆಗ ವಯಸ್ಸು 44, ತೂಕ 74 ಕಿಲೋ. ನೋಡಿದವರು ದಪ್ಪ ಅನ್ನುವ ಹಾಗಿರಲಿಲ್ಲ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ ಬಂದಿತ್ತು. ಕೈಕಾಲು ಸಣ್ಣಗೆ, ಹೊಟ್ಟೆ ಗುಂಡಗೆ ಇರುವವರಲ್ಲೇ ಇದು ಎಷ್ಟೋ ಸಲ ಸದ್ದಿಲ್ಲದೆ ಇರುತ್ತದಂತೆ. ಲಿವರ್ ನೋಯುವುದಿಲ್ಲ, ಕೆಮ್ಮುವುದಿಲ್ಲ. ಗೋದಾಮು ತುಂಬಿದೆ ಅಂತ ಹೊರಗೆ ನಿಂತವರಿಗೆ ಗೊತ್ತಾಗುವುದು ಹೇಗೆ?

ಹೆಸರಿನ ಬಗ್ಗೆ ಒಂದು ಮಾತು. ಕುಡಿಯದವರ ಲಿವರ್‌ನಲ್ಲೂ ಕುಡುಕರ ಲಿವರ್‌ನಂಥದ್ದೇ ಕೊಬ್ಬು ಮತ್ತು ಉರಿಯೂತ ಕಂಡುಬರುವುದನ್ನು ಮೇಯೋ ಕ್ಲಿನಿಕ್‌ನ ಯುರ್ಗನ್ ಲುಡ್ವಿಗ್ ಮತ್ತು ಜೊತೆಯವರು 1980ರಲ್ಲಿ ವಿವರಿಸಿ, ಅದಕ್ಕೊಂದು ಹೆಸರು ಕೊಟ್ಟರು. ಆ ಮೇಲೆ ನಲವತ್ತು ವರ್ಷ ಇದನ್ನು 'ಮದ್ಯದಿಂದಲ್ಲದ' ಫ್ಯಾಟಿ ಲಿವರ್ ಅಂತಲೇ ಕರೆದರು. ಏನು ಅಲ್ಲ ಅನ್ನುವುದನ್ನು ಹೇಳುವ ಹೆಸರು. 2023ರಲ್ಲಿ ಅದನ್ನು ಬದಲಿಸಿ ಮ್ಯಾಸ್ಲ್‌ಡ್ ಅನ್ನುವ ಹೆಸರು ತಂದರು. ದೇಹದ ಸಕ್ಕರೆ-ಕೊಬ್ಬಿನ ವ್ಯವಹಾರ ಹದಗೆಟ್ಟು ಬರುವ ಲಿವರ್ ಕೊಬ್ಬು ಅಂತ ಅದರ ಅರ್ಥ. ಬಾಯಿಗೆ ಹತ್ತದ ಹೆಸರು, ಆದರೆ ಇದೇ ಸರಿ ಅಂತ ನನಗೆ ಅನ್ನಿಸುತ್ತದೆ. ಯಾಕಂದರೆ ಇದು ನಿಜಕ್ಕೂ ವ್ಯವಹಾರದ ತೊಂದರೆ.

ಆ ವ್ಯವಹಾರ ಏನು ಅಂತ ಗೊತ್ತಾಗುವ ಮೊದಲು ಎರಡು ತಪ್ಪು ಮಾಡಿದೆ.

ಮೊದಲನೆಯದು ಹೊಟ್ಟೆಯ ಕಸರತ್ತು. ಕೊಬ್ಬು ಇರುವುದು ಹೊಟ್ಟೆಯಲ್ಲಿ, ಹಾಗಾಗಿ ಹೊಟ್ಟೆಯನ್ನೇ ದಂಡಿಸಬೇಕು ಅನ್ನುವ ತರ್ಕ. ನೆಲದ ಮೇಲೆ ಮಲಗಿ ದಿನಾ ನಲವತ್ತು ಸಲ ಏಳುತ್ತಿದ್ದೆ. ಮೂರು ವಾರಕ್ಕೆ ಸಿಕ್ಕಿದ್ದು ಕತ್ತುನೋವು. ಕಸರತ್ತು ಮಾಡಿದ ಜಾಗದ ಕೊಬ್ಬೇ ಕರಗುತ್ತದೆ ಅನ್ನುವುದು ಸುಳ್ಳು. ಸ್ನಾಯುವಿಗೆ ಬೇಕಾದ ಕೊಬ್ಬು ರಕ್ತದಲ್ಲಿ ತೇಲಿ ಬರುತ್ತದೆ, ಪಕ್ಕದ ಮನೆಯಿಂದ ಗೋಡೆ ಕೊರೆದು ಬರುವುದಿಲ್ಲ.

ಎರಡನೆಯದು ತೂಕದ ಯಂತ್ರ. ಅದರ ಕಥೆ ಆಮೇಲೆ.

ನಡುವೆ ಇನ್ನೊಬ್ಬ ವೈದ್ಯರ ಹತ್ತಿರ ಹೋದೆ. ಅವರು ಸಮಾಧಾನದಿಂದ ಕೂರಿಸಿಕೊಂಡು ಮಾತಾಡಿದರು. ಅಲ್ಟ್ರಾಸೌಂಡ್‌ನ ಗ್ರೇಡ್ ನೋಡುವವರ ಕಣ್ಣಿನ ಅಂದಾಜು, ಅದರಿಂದ ಮುಂದೆ ಹೋಲಿಸುವುದು ಕಷ್ಟ ಅಂದರು. ಫೈಬ್ರೋಸ್ಕ್ಯಾನ್ ಬರೆದುಕೊಟ್ಟರು. ಪಕ್ಕೆಲುಬಿನ ನಡುವೆ ಒಂದು ಸಲಕರಣೆ ಇಟ್ಟು ಟಪ್ ಟಪ್ ಅಂತ ತಟ್ಟುತ್ತಾರೆ, ನೋವಿಲ್ಲ, ಹತ್ತು ನಿಮಿಷ. ಕಡೇ ಪಕ್ಷ ಮೂರು ಗಂಟೆ ಏನೂ ತಿನ್ನದೆ ಹೋಗಬೇಕು. ತಿಂದು ಹೋದರೆ ಲಿವರ್ ಇರುವುದಕ್ಕಿಂತ ಗಟ್ಟಿ ಅಂತ ತೋರಿಸಬಹುದು.

ಅದು ಎರಡು ಸಂಖ್ಯೆ ಕೊಡುತ್ತದೆ. ಒಂದು ಕೊಬ್ಬಿನದು, ಕ್ಯಾಪ್ ಅಂತಾರೆ, 100ರಿಂದ 400ರವರೆಗೆ. 248ರ ಆಸುಪಾಸಿನಿಂದ ಮೇಲೆ ಕೊಬ್ಬು ಇದೆ, 280 ದಾಟಿದರೆ ಜಾಸ್ತಿ ಇದೆ ಅಂತ ಓದುತ್ತಾರೆ. ಇನ್ನೊಂದು ಲಿವರ್ ಎಷ್ಟು ಗಟ್ಟಿಯಾಗಿದೆ ಅನ್ನುವುದು, ಕಿಲೋಪಾಸ್ಕಲ್‌ನಲ್ಲಿ. 8ರ ಕೆಳಗಿದ್ದರೆ ಲಿವರ್‌ನಲ್ಲಿ ದೊಡ್ಡ ಮಟ್ಟದ ಗಾಯದ ಕಲೆ ಕಟ್ಟಿರುವ ಸಾಧ್ಯತೆ ಕಡಿಮೆ. ನನ್ನ ಕ್ಯಾಪ್ 301, ಗಟ್ಟಿತನ 5.8. "ಕೊಬ್ಬು ಇದೆ, ಗಾಯದ ಕಲೆ ಇಲ್ಲ. ವಾಪಸ್ ಬರೋಕೆ ದಾರಿ ತೆರೆದಿದೆ" ಅಂದರು. ಎರಡನೇ ಸಂಖ್ಯೆ ಜಾಸ್ತಿ ಬಂದಿದ್ದರೆ ನನ್ನ ಕಥೆಯೇ ಬೇರೆ ಆಗುತ್ತಿತ್ತು. ಅಂಥವರು ನನ್ನ ಲೆಕ್ಕ ಹಿಡಿದುಕೊಂಡು ಹೊರಡಬೇಡಿ, ಮೊದಲು ವೈದ್ಯರ ಹತ್ತಿರ ಮಾತಾಡಿ.

ಈಗ ವ್ಯವಹಾರಕ್ಕೆ ಬರೋಣ.

ಲಿವರ್ ಹತ್ತಿರ ಹತ್ತಿರ ಒಂದೂವರೆ ಕಿಲೋ ತೂಗುತ್ತದೆ. ಅದರಲ್ಲಿ ಶೇಕಡಾ 5ರೊಳಗೆ ಕೊಬ್ಬಿದ್ದರೆ ಮಾಮೂಲು. ಅಂದರೆ 75 ಗ್ರಾಂ. ಶೇಕಡಾ 20 ಇದೆ ಅಂತ ಇಟ್ಟುಕೊಳ್ಳಿ, 300 ಗ್ರಾಂ ಆಯಿತು. ಇಷ್ಟು ಸಣ್ಣ ಮೊತ್ತಕ್ಕೆ ಇಷ್ಟು ದೊಡ್ಡ ಗಲಾಟೆಯಾ ಅಂತ ನನಗೂ ಅನ್ನಿಸಿತ್ತು. ಆದರೆ ಗಲ್ಲಾಪೆಟ್ಟಿಗೆಯಲ್ಲಿ ಇರುವ ಮೊತ್ತಕ್ಕಿಂತ ದಿನವೂ ಒಳಗೆ ಎಷ್ಟು ಬರುತ್ತದೆ, ಹೊರಗೆ ಎಷ್ಟು ಹೋಗುತ್ತದೆ ಅನ್ನುವುದು ಮುಖ್ಯ ಅಲ್ವಾ?

ಲಿವರ್‌ಗೆ ಕೊಬ್ಬಿನ ಆದಾಯ ಮೂರು ಕಡೆಯಿಂದ. ತಿಂದ ಊಟದ ಕೊಬ್ಬು ಒಂದು. ಸಕ್ಕರೆಯನ್ನು ಲಿವರ್ ತಾನೇ ಕೊಬ್ಬಾಗಿ ಮಾಡುವುದು ಇನ್ನೊಂದು. ಮೈಯ ಕೊಬ್ಬಿನ ಚೀಲಗಳಿಂದ ಸೋರಿ ರಕ್ತದಲ್ಲಿ ಬರುವ ಕೊಬ್ಬಿನಾಮ್ಲ ಮೂರನೆಯದು. ಯಾವುದು ದೊಡ್ಡದು? ನಾನು ಊಟದ್ದೇ ಅಂದುಕೊಂಡಿದ್ದೆ. 2005ರಲ್ಲಿ ಅಮೆರಿಕದ ಮಿನಸೋಟಾದ ಸಂಶೋಧಕರು ಒಂಬತ್ತು ರೋಗಿಗಳಲ್ಲಿ ಗುರುತು ಹಾಕಿದ ಅಣುಗಳನ್ನು ದೇಹದೊಳಗೆ ಸೇರಿಸಿ ಅಳೆದರು. ಲಿವರ್‌ನ ಕೊಬ್ಬಿನಲ್ಲಿ ಶೇಕಡಾ 59 ರಕ್ತದಲ್ಲಿ ಸೋರಿ ಬಂದದ್ದು. ಶೇಕಡಾ 26 ಲಿವರ್ ತಾನೇ ತಯಾರಿಸಿದ್ದು. ನೇರವಾಗಿ ಊಟದ ಕೊಬ್ಬು ಶೇಕಡಾ 15 ಮಾತ್ರ. ಒಂಬತ್ತೇ ಜನ, ನಿಜ. ಆದರೆ ನನ್ನ ತಲೆ ತಿರುಗಿಸಿದ್ದು ಈ ಲೆಕ್ಕವೇ.

ಖರ್ಚಿನ ಬಾಬ್ತು ಎರಡು. ಲಿವರ್ ಸ್ವಲ್ಪ ಕೊಬ್ಬನ್ನು ತಾನೇ ಉರಿಸುತ್ತದೆ. ಉಳಿದದ್ದನ್ನು ವಿಎಲ್‌ಡಿಎಲ್ ಅನ್ನುವ ಪೊಟ್ಟಣ ಕಟ್ಟಿ ರಕ್ತಕ್ಕೆ ಕಳಿಸುತ್ತದೆ. ಆದಾಯ ಜಾಸ್ತಿಯಾಗಿ ಖರ್ಚು ಅದಕ್ಕೆ ಸಮ ಬರದಿದ್ದರೆ ಉಳಿಕೆ ಗೋದಾಮಿನಲ್ಲಿ ಸೇರುತ್ತದೆ. ಅಷ್ಟೇ.

ಇಲ್ಲಿ ಇನ್ಸುಲಿನ್ ಬರುತ್ತದೆ. ಊಟ ಆದ ಮೇಲೆ ಇನ್ಸುಲಿನ್ ಏರಿದಾಗ ಕೊಬ್ಬಿನ ಚೀಲಗಳಿಗೆ 'ಬಾಗಿಲು ಹಾಕು, ಈಗ ಕಳಿಸಬೇಡ' ಅನ್ನುವ ಆಜ್ಞೆ ಹೋಗುತ್ತದೆ. ಕೂತೇ ಬದುಕುವವರಲ್ಲಿ ಚೀಲಗಳು ಈ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಸೋರುತ್ತಲೇ ಇರುತ್ತವೆ. ಸ್ನಾಯುಗಳೂ ಕೇಳುವುದಿಲ್ಲ, ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆಗ ದೇಹ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಲಿವರ್ ಮಾತ್ರ ಒಂದು ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸುತ್ತದೆ: ಸಕ್ಕರೆಯಿಂದ ಕೊಬ್ಬು ಮಾಡು. ಎಲ್ಲರೂ ಕೈಕಟ್ಟಿ ಕೂತ ಕಚೇರಿಯಲ್ಲಿ ಒಬ್ಬನೇ ಓವರ್‌ಟೈಮ್ ಮಾಡಿದ ಹಾಗೆ. ಅದೂ ಬೇಡದ ಕೆಲಸ.

ವ್ಯಾಯಾಮ ಲಿವರನ್ನು ಹಿಂಡಿ ಕೊಬ್ಬು ತೆಗೆಯುವುದಿಲ್ಲ. ಅದು ಮುಖ್ಯವಾಗಿ ಆದಾಯದ ಕಡೆ ಕೆಲಸ ಮಾಡುತ್ತದೆ. ಸ್ನಾಯು ಕುಗ್ಗಿ ಹಿಗ್ಗಿದಾಗ ಇನ್ಸುಲಿನ್‌ನ ಅಪ್ಪಣೆಗೆ ಕಾಯದೆ ಸಕ್ಕರೆಯ ಬಾಗಿಲು ತೆರೆದುಕೊಳ್ಳುತ್ತದೆ. ಸ್ನಾಯುಗಳೆಲ್ಲ ಸೇರಿದರೆ 400 ಗ್ರಾಂನಷ್ಟು ಸಕ್ಕರೆಯನ್ನು ಗ್ಲೈಕೋಜನ್ ಆಗಿ ಇಟ್ಟುಕೊಳ್ಳಬಲ್ಲವು, ಲಿವರ್ 100 ಗ್ರಾಂನಷ್ಟು. ದೊಡ್ಡ ಉಗ್ರಾಣ ಖಾಲಿಯಾಗಿದ್ದರೆ ಮುಂದಿನ ಊಟದ ಸಕ್ಕರೆ ಅಲ್ಲಿಗೆ ಹೋಗುತ್ತದೆ, ಲಿವರ್‌ನ ಬಾಗಿಲು ತಟ್ಟುವುದಿಲ್ಲ. 2011ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದ, ಆದರೆ ತೆಳ್ಳಗಿದ್ದ ಯುವಕ ಯುವತಿಯರನ್ನು ಒಂದೇ ಒಂದು ಸಲ 45 ನಿಮಿಷ ವ್ಯಾಯಾಮ ಮಾಡಿಸಿ ಊಟ ಕೊಟ್ಟು ನೋಡಿದರು. ಆ ಊಟದ ನಂತರ ಲಿವರ್ ಹೊಸದಾಗಿ ಕೊಬ್ಬು ತಯಾರಿಸುವುದು ಸುಮಾರು ಶೇಕಡಾ 30 ಇಳಿದಿತ್ತು. ಒಂದೇ ಸಲಕ್ಕೆ! ಇದನ್ನು ಓದಿದ ದಿನ ಸಂಜೆ ನಾನು ಶೂ ಹುಡುಕಿದೆ. ಒಂದರ ಲೇಸ್ ಇರಲಿಲ್ಲ.

ಶುರು ಮಾಡಿದ್ದು 12 ನಿಮಿಷದಿಂದ. ನಾಚಿಕೆ ಇಲ್ಲದೆ ಹೇಳುತ್ತಿದ್ದೇನೆ, ಮೊದಲ ದಿನ ಅಷ್ಟಕ್ಕೇ ಮೀನಖಂಡ ಹಿಡಿದುಕೊಂಡಿತು. ವಾರಕ್ಕೆ ಐದು ದಿನ. ಪ್ರತಿ ವಾರ ಮೂರು ನಾಲ್ಕು ನಿಮಿಷ ಸೇರಿಸಿದೆ. ಆರನೇ ವಾರಕ್ಕೆ 30 ನಿಮಿಷ ಮುಟ್ಟಿದೆ.

ವೇಗದ ಬಗ್ಗೆ ಸ್ವಲ್ಪ ಹೇಳಬೇಕು, ಯಾಕಂದರೆ ಹೆಚ್ಚಿನವರು ಎಡವುವುದು ಇಲ್ಲೇ. ನಾನು ಮೊದಲು ನಡೆಯುತ್ತಿದ್ದದ್ದು ಯಾವುದೋ ಅಂಗಡಿಯ ಕಿಟಕಿ ನೋಡುವವರ ನಡಿಗೆ. ಫೋನ್ ಕಿವಿಗೆ ಇಟ್ಟುಕೊಂಡು ಆರಾಮವಾಗಿ ಹರಟೆ ಹೊಡೆಯುತ್ತಿದ್ದೆ. ಅದು ನಡಿಗೆ ಹೌದು, ಆದರೆ ಸಾಲದು. ಚುರುಕು ನಡಿಗೆಗೆ ಒಂದು ಸುಲಭದ ಪರೀಕ್ಷೆ ಇದೆ: ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಾನು ದಿನಾ ನಡುವೆ ಒಂದು ಸಾಲು ಹಾಡಿ ನೋಡುತ್ತೇನೆ. ಹಾಡು ಸಲೀಸಾಗಿ ಬಂದರೆ ಕಾಲು ಬೀಸಾಗಿ ಹಾಕುತ್ತೇನೆ. ದಾರಿಯಲ್ಲಿ ಎದುರಾಗುವವರು ಒಂಥರಾ ನೋಡುತ್ತಾರೆ, ನೋಡಲಿ.

ಈಗ ತೂಕದ ಯಂತ್ರ. ಮೊದಲ ಆರು ವಾರ ದಿನಾ ಬೆಳಿಗ್ಗೆ ಅದರ ಮೇಲೆ ಹತ್ತುತ್ತಿದ್ದೆ. 74. 73.8. 74.2. 73.9. ಆರು ವಾರದ ಬೆವರಿಗೆ 300 ಗ್ರಾಂ ಇಳಿಕೆ, ಅದೂ ಮರುದಿನ ವಾಪಸ್. ಏಳನೇ ವಾರದ ಸೋಮವಾರ ಏಳಲಿಲ್ಲ. ಮಂಗಳವಾರವೂ ಏಳಲಿಲ್ಲ. ಇದೆಲ್ಲ ಸುಮ್ನೆ ದಂಡ ಅಂತ ತೀರ್ಮಾನಿಸಿಬಿಟ್ಟಿದ್ದೆ.

ಆ ವಾರ ಸಿಕ್ಕಿದ್ದು ಸಿಡ್ನಿ ವಿಶ್ವವಿದ್ಯಾಲಯದ 2009ರ ಒಂದು ಪ್ರಯೋಗದ ವಿಷಯ. ಬೊಜ್ಜು ಇದ್ದ, ವ್ಯಾಯಾಮದ ಅಭ್ಯಾಸ ಇಲ್ಲದ 19 ಜನ. ಅವರಲ್ಲಿ ಒಂದು ಗುಂಪಿಗೆ ನಾಲ್ಕು ವಾರ, ವಾರಕ್ಕೆ ಮೂರು ದಿನ ಸೈಕಲ್ ತುಳಿಸಿದರು. ತೂಕ ಬದಲಾಗಲಿಲ್ಲ. ಲಿವರ್‌ನ ಕೊಬ್ಬು ಮಾತ್ರ ಐದರಲ್ಲೊಂದು ಪಾಲು, ಶೇಕಡಾ 21, ಇಳಿದಿತ್ತು. ತೂಕ ಹಾಗೇ ಇದೆ, ಲಿವರ್ ಹಗುರಾಗಿದೆ. ಇದು ಹೇಗೆ ಸಾಧ್ಯ ಅಂತ ಪೆನ್ನು ಹಿಡಿದು ಕೂತೆ. 300 ಗ್ರಾಂನಲ್ಲಿ ಐದರಲ್ಲೊಂದು ಅಂದರೆ 60 ಗ್ರಾಂ. ಒಂದು ಲೋಟ ನೀರು ಕುಡಿದರೆ ತೂಕ ಅದಕ್ಕಿಂತ ಜಾಸ್ತಿ ಏರುತ್ತದೆ! ನಾನು ಅಳೆಯಬೇಕಿದ್ದದ್ದು 60 ಗ್ರಾಂ, ಅಳೆಯುತ್ತಿದ್ದದ್ದು 74 ಕಿಲೋದ ಯಂತ್ರದಲ್ಲಿ. ಲಾರಿ ತೂಗುವ ಜಾಗದಲ್ಲಿ ಚಿನ್ನ ತೂಗಿದ ಹಾಗಾಯಿತು.

ಯಂತ್ರವನ್ನು ಮಂಚದ ಕೆಳಗೆ ತಳ್ಳಿದೆ. ತಿಂಗಳಿಗೊಮ್ಮೆ ಮಾತ್ರ ಎಳೆಯುತ್ತೇನೆ. ಬುಧವಾರ ಎದ್ದೆ.

ಹಾಗಂತ ತೂಕ ಇಳಿಯುವುದೇ ಬೇಡ ಅಂತ ನಾನು ಹೇಳುತ್ತಿಲ್ಲ. ತೂಕ ಇಳಿದರೆ ಲಾಭ ಇನ್ನೂ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. 2015ರಲ್ಲಿ ಪ್ರಕಟವಾದ, 293 ರೋಗಿಗಳನ್ನು ಒಂದು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ ಶೇಕಡಾ 10ರಷ್ಟು ಅಥವಾ ಜಾಸ್ತಿ ತೂಕ ಕಳೆದುಕೊಂಡವರಲ್ಲಿ ನೂರಕ್ಕೆ 90 ಜನರ ಲಿವರ್ ಉರಿಯೂತ ಹೋಗಿತ್ತು. ಆದರೆ ಅಷ್ಟು ಇಳಿಸಿದವರು ಹತ್ತರಲ್ಲಿ ಒಬ್ಬರು ಮಾತ್ರ. ಉಳಿದ ಒಂಬತ್ತು ಜನರ ಸಾಲಿನವರಿಗೆ, ಅಂದರೆ ನನ್ನಂಥವರಿಗೆ, 'ಯಂತ್ರದ ಮುಳ್ಳು ಅಲುಗದಿದ್ದರೂ ಒಳಗೆ ಕೆಲಸ ನಡೆಯುತ್ತಿದೆ' ಅನ್ನುವ ಸುದ್ದಿ ಬೇಕೇ ಬೇಕು. ಮೊದಲ ವೈದ್ಯರು ಈ ಒಂದು ವಾಕ್ಯ ಹೇಳಿದ್ದರೆ ಅರ್ಧ ನಿಮಿಷ ಹಿಡಿಯುತ್ತಿತ್ತು. ನನ್ನ ಏಳನೇ ವಾರ ಉಳಿಯುತ್ತಿತ್ತು.

ಮೂರನೇ ತಿಂಗಳಲ್ಲಿ ದುರಾಸೆ ಬಂತು. ನಡೆದರೆ ಇಷ್ಟಾದರೆ ಓಡಿದರೆ ಎಷ್ಟಾಗಬಹುದು? ಓಡಿದೆ. ಎರಡನೇ ವಾರಕ್ಕೆ ಬಲ ಮಂಡಿ ಊದಿತು. ಮಂಡಿಗೆ ಐಸ್ ಇಟ್ಟುಕೊಂಡು ಕೂತಾಗ ಓದಿದ್ದು ಚೀನಾದ ಪ್ರಯೋಗ, 2016ರದ್ದು. ಲಿವರ್ ಕೊಬ್ಬಿದ್ದ 220 ಜನರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪು ಆರು ತಿಂಗಳು ಜಾಗಿಂಗ್ ಮಾಡಿ ಆಮೇಲೆ ಆರು ತಿಂಗಳು ಚುರುಕಾಗಿ ನಡೆಯಿತು. ಇನ್ನೊಂದು ಇಡೀ ವರ್ಷ ನಡೆಯಿತು, ವಾರಕ್ಕೆ 150 ನಿಮಿಷ. ಮೂರನೆಯದು ಇದ್ದ ಹಾಗೇ ಇತ್ತು. ಓಡಿದವರಿಗೂ ನಡೆದವರಿಗೂ ಲಿವರ್‌ನ ಕೊಬ್ಬು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯಿತು. ಮಂಡಿ ಊದುವ ಮೊದಲೇ ಓದಬಾರದಿತ್ತೇ?

ಓಟ ಕೆಟ್ಟದ್ದು ಅಂತಲ್ಲ. ಹೃದಯದ ಶಕ್ತಿಗೆ ಒಳ್ಳೆಯದು, ಸಮಯವೂ ಉಳಿಯುತ್ತದೆ. ನನ್ನ ಮಂಡಿಗೆ ಆಗಿಬರಲಿಲ್ಲ, ನನ್ನ ಲಿವರ್‌ಗೆ ಬೇಕಾಗಿರಲಿಲ್ಲ.

ಮಂಡಿ ಸರಿಹೋಗುವ ತನಕ ಏನು ಮಾಡುವುದು ಅಂತ ಯೋಚಿಸಿ ಭಾರದ ವ್ಯಾಯಾಮಕ್ಕೆ ಇಳಿದೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು 2011ರಲ್ಲಿ ಬರೀ ಭಾರದ ವ್ಯಾಯಾಮವನ್ನೇ ಎಂಟು ವಾರ ಮಾಡಿಸಿ ನೋಡಿದ್ದರು. ಓಟವಿಲ್ಲ, ನಡಿಗೆಯಿಲ್ಲ, ತೂಕವೂ ಇಳಿಯಲಿಲ್ಲ. ಆದರೂ ಲಿವರ್ ಕೊಬ್ಬು ಇದ್ದದ್ದರಲ್ಲಿ ಶೇಕಡಾ 13 ಕಡಿಮೆಯಾಯಿತು. ಏದುಸಿರು ಬರದವರಿಗೂ, ನಡೆಯಲಾಗದವರಿಗೂ ಒಂದು ದಾರಿ ಇದೆ ಅಂತ ಆಯಿತು.

ನನ್ನದು ದೊಡ್ಡ ಜಿಮ್ ಏನಲ್ಲ. ಗೋಡೆಗೆ ಕೈಯಿಟ್ಟು ತಳ್ಳುವುದು. ರಬ್ಬರ್ ಪಟ್ಟಿ ಎಳೆಯುವುದು. ನೀರು ತುಂಬಿದ ಎರಡು ಕ್ಯಾನ್ ಎತ್ತುವುದು. ಬೆನ್ನ ಮೇಲೆ ಮಲಗಿ ಸೊಂಟ ಎತ್ತುವುದು. ಮಂಡಿ ಒಪ್ಪಿದ ಮೇಲೆ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಒಂದೊಂದನ್ನು ಹತ್ತು ಹನ್ನೆರಡು ಸಲ, ಮೂರು ಸುತ್ತು. ಕೊನೆಯ ಎರಡು ಸಲಕ್ಕೆ ಹಲ್ಲು ಕಚ್ಚಬೇಕು, ಹಾಗಿದ್ದರೆ ಭಾರ ಸರಿಯಾಗಿದೆ ಅಂತ ಅರ್ಥ. 20 ನಿಮಿಷ, ವಾರಕ್ಕೆ ಎರಡು ದಿನ.

ಇಲ್ಲೊಂದು ಅವಾಂತರ ಆಯಿತು. ಇದನ್ನು ಬರೆಯಲೇಬೇಕು ಅಂತಲೇ ಈ ಬರಹ ಶುರು ಮಾಡಿದ್ದು.

ಐದನೇ ತಿಂಗಳ ಹೊತ್ತಿಗೆ ಹುರುಪು ಬಂದು ಹೊಸದಾಗಿ ಲಂಜ್ ಸೇರಿಸಿದೆ. ಒಂದು ಕಾಲು ಮುಂದಿಟ್ಟು ಮಂಡಿ ಮಡಿಸಿ ಕೆಳಗಿಳಿಯುವ ವ್ಯಾಯಾಮ, ಕೈಯಲ್ಲಿ ನೀರಿನ ಕ್ಯಾನ್ ಬೇರೆ. ಮರುದಿನ ಮೆಟ್ಟಿಲು ಇಳಿಯಲಾಗದಷ್ಟು ತೊಡೆನೋವು. ಅದರ ಮರುದಿನ ಮೊದಲೇ ಗೊತ್ತಾಗಿದ್ದ ರಕ್ತಪರೀಕ್ಷೆ. ಫಲಿತಾಂಶ ನೋಡಿ ಎದೆ ಧಸಕ್ ಅಂದಿತು. ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎರಡು ಕಿಣ್ವ ಇವೆ, ಎಎಲ್‌ಟಿ ಮತ್ತು ಎಎಸ್‌ಟಿ. ಶುರುವಿನಲ್ಲಿ ನನ್ನ ಎಎಲ್‌ಟಿ 58 ಇತ್ತು. ಈಗ 83. ಎಎಸ್‌ಟಿ ಅಂತೂ 41ರಿಂದ 112ಕ್ಕೆ ಹಾರಿತ್ತು. ಐದು ತಿಂಗಳು ಬೆವರು ಸುರಿಸಿದ್ದಕ್ಕೆ ಲಿವರ್ ಇನ್ನೂ ಹಾಳಾಯಿತಾ?

ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ವೈದ್ಯರಿಗೆ ಫೋನ್ ಮಾಡಿದರೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಹೊಸ ವ್ಯಾಯಾಮ ಏನಾದರೂ ಮಾಡಿದ್ರಾ?" ಈ ಎರಡು ಕಿಣ್ವಗಳೂ ಲಿವರ್‌ನಲ್ಲಿ ಮಾತ್ರ ಇರುವುದಲ್ಲ, ಸ್ನಾಯುವಿನಲ್ಲೂ ಇವೆ. ಅಭ್ಯಾಸವಿಲ್ಲದ ಭಾರದ ವ್ಯಾಯಾಮ ಮಾಡಿದಾಗ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಪೆಟ್ಟಾಗಿ ಇವು ರಕ್ತಕ್ಕೆ ಸೇರುತ್ತವೆ. 2008ರಲ್ಲಿ ಸ್ವೀಡನ್ನಿನಲ್ಲಿ ಭಾರ ಎತ್ತಿ ಅಭ್ಯಾಸವಿಲ್ಲದ 15 ಆರೋಗ್ಯವಂತ ಗಂಡಸರಿಗೆ ಒಂದು ಗಂಟೆ ಭಾರ ಎತ್ತಿಸಿದ್ದರು. ಕಡೇ ಪಕ್ಷ ಏಳು ದಿನ ಅವರ ಎಎಲ್‌ಟಿ, ಎಎಸ್‌ಟಿ ಎರಡೂ ಏರಿಯೇ ಇದ್ದವು. ಲಿವರ್‌ನ ಇನ್ನೊಂದು ಕಿಣ್ವ ಜಿಜಿಟಿ ಮಾತ್ರ ಏರಲಿಲ್ಲ. ನನ್ನ ವರದಿಯಲ್ಲೂ ಜಿಜಿಟಿ ಹಿಂದಿಗಿಂತ ಕಡಿಮೆಯೇ ಇತ್ತು, ಗಾಬರಿಯಲ್ಲಿ ನಾನದನ್ನು ನೋಡಿರಲಿಲ್ಲ. ಸ್ನಾಯುವಿನ ಕಿಣ್ವ ಸಿಕೆ ಪರೀಕ್ಷೆ ಮಾಡಿಸಿದರು. ಅದು ಮಾಮೂಲಿನ ಎಂಟು ಪಟ್ಟು. ಕಳ್ಳ ಸಿಕ್ಕಿಬಿದ್ದ.

ಹತ್ತು ದಿನ ಬರೀ ನಡೆದು ಮತ್ತೆ ಕೊಟ್ಟೆ. ಎಎಲ್‌ಟಿ 34. ಈಗ ರಕ್ತ ಕೊಡುವ ಮುಂಚಿನ ಹತ್ತು ದಿನ ಭಾರ ಮುಟ್ಟುವುದಿಲ್ಲ, ಮುಟ್ಟಿದ್ದರೆ ಬಾಯಿಬಿಟ್ಟು ಹೇಳುತ್ತೇನೆ.

ಎಷ್ಟು ಮಾಡಿದರೆ ಸಾಕು ಅನ್ನುವುದಕ್ಕೆ ನಾನು ಹಿಡಿದಿರುವ ಗಡಿ 750. ಇದು ಮೆಟ್-ನಿಮಿಷಗಳ ಲೆಕ್ಕ. ಸುಮ್ಮನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿ 1 ಮೆಟ್. ಚುರುಕು ನಡಿಗೆ 4ರಿಂದ 5. ಅದನ್ನು ನಿಮಿಷದಿಂದ ಗುಣಿಸಿದರೆ ಮೆಟ್-ನಿಮಿಷ. 2023ರಲ್ಲಿ 14 ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದಾಗ, ವಾರಕ್ಕೆ 750 ಮುಟ್ಟಿದವರಲ್ಲಿ ಲಿವರ್ ಕೊಬ್ಬು ಮೂರರಲ್ಲೊಂದು ಪಾಲಿನ ಹತ್ತಿರ, ಅಂದರೆ ಶೇಕಡಾ 30ರಷ್ಟು, ಇಳಿಯುವ ಸಾಧ್ಯತೆ ಅದಕ್ಕಿಂತ ಕಡಿಮೆ ಮಾಡಿದವರಿಗಿಂತ ಸಾಕಷ್ಟು ಜಾಸ್ತಿ ಅಂತ ಕಂಡಿತು. ಆ ಸಂಶೋಧಕರು ಇದನ್ನು ವಾರಕ್ಕೆ 150 ನಿಮಿಷ ಚುರುಕು ನಡಿಗೆಗೆ ಸಮ ಅಂದರು, ಅಂದರೆ 5ರ ಲೆಕ್ಕ. ನಾನು ಅಷ್ಟು ಉದಾರಿಯಲ್ಲ. ನನ್ನ ವೇಗ ಗಂಟೆಗೆ ಐದೂವರೆ ಕಿಲೋಮೀಟರ್, ಹಾಗಾಗಿ 4ರಂತೆ ಬರೆದುಕೊಳ್ಳುತ್ತೇನೆ. ಭಾರದ ವ್ಯಾಯಾಮಕ್ಕೆ 3.5. ಬರುವ ಹಣವನ್ನು ಕಡಿಮೆ ಅಂದಾಜು ಮಾಡಬೇಕು ಅನ್ನುವುದು ನಮ್ಮ ವೃತ್ತಿಯ ಅಭ್ಯಾಸ. ಒಂದು ಹಳೇ ಲೆಡ್ಜರ್‌ನಲ್ಲಿ ವಾರವಾರ ಬರೆಯುತ್ತೇನೆ, ಭಾನುವಾರ ರಾತ್ರಿ ಮೊತ್ತ ಹಾಕುತ್ತೇನೆ.

ಕೂರುವುದನ್ನೂ ಸ್ವಲ್ಪ ಮುರಿದೆ. ಪ್ರತಿ ಮುಕ್ಕಾಲು ಗಂಟೆಗೆ ಎದ್ದು ಎರಡು ನಿಮಿಷ ಓಡಾಡುತ್ತೇನೆ. ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ ನಡೆಯುತ್ತೇನೆ. ಇವನ್ನು ಲೆಡ್ಜರ್‌ಗೆ ಸೇರಿಸುವುದಿಲ್ಲ.

ಪ್ರಾಮಾಣಿಕವಾಗಿ ಇನ್ನೊಂದು ಹೇಳಬೇಕು. ಇದೇ ಹೊತ್ತಿನಲ್ಲಿ ಸಿಹಿ ಪಾನೀಯ ಬಿಟ್ಟೆ, ಬಾಟಲಿಯ ಹಣ್ಣಿನ ರಸವೂ ಸೇರಿ. ಫ್ರಕ್ಟೋಸ್ ಅನ್ನುವ ಸಕ್ಕರೆಯ ಬಹುಪಾಲು ಲಿವರ್‌ಗೇ ಹೋಗುತ್ತದೆ, ಅದು ಸಲೀಸಾಗಿ ಕೊಬ್ಬಾಗುತ್ತದೆ. ಹಾಗಾಗಿ ನನ್ನ ಫಲಿತಾಂಶದಲ್ಲಿ ವ್ಯಾಯಾಮದ ಪಾಲು ಎಷ್ಟು, ಬಾಟಲಿ ಬಿಟ್ಟದ್ದರ ಪಾಲು ಎಷ್ಟು ಅಂತ ನಾನೇ ಬಿಡಿಸಿ ಹೇಳಲಾರೆ. ಎರಡು ಖಾತೆ ಒಟ್ಟಿಗೆ ಬೆರೆತಿವೆ. ಪ್ರಯೋಗಗಳಲ್ಲಿ ಅವನ್ನು ಬೇರೆ ಮಾಡಿರುತ್ತಾರೆ, ಬದುಕಿನಲ್ಲಿ ಆಗುವುದಿಲ್ಲ.

ಏಳನೇ ತಿಂಗಳಲ್ಲಿ ಎರಡನೇ ಫೈಬ್ರೋಸ್ಕ್ಯಾನ್. ಕ್ಯಾಪ್ 301ರಿಂದ 252. ಗಟ್ಟಿತನ 5.1. ತೂಕ 71.5, ಅಂದರೆ ಎರಡೂವರೆ ಕಿಲೋ ಇಳಿಕೆ. ಬೆಲ್ಟಿನಲ್ಲಿ ಎರಡು ತೂತು ಹಿಂದೆ. ಕ್ಯಾಪ್ ಸಂಖ್ಯೆ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಸ್ವಲ್ಪ ಆಚೀಚೆ ಆಗುವುದು ಸಹಜ, ಹತ್ತಿಪ್ಪತ್ತು ಅಂಕಕ್ಕೆ ಹಿಗ್ಗಬೇಡಿ ಅಂತ ವೈದ್ಯರು ಮೊದಲೇ ಎಚ್ಚರಿಸಿದ್ದರು. 49 ಅಂಕಕ್ಕೆ ಅವರೇ ಹಿಗ್ಗಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ವರ್ಷದ ಲೆಕ್ಕ ಮುಗಿಸುವ ಕಾಲ ಬಂತು. ರಾತ್ರಿ ಹನ್ನೊಂದರವರೆಗೆ ಕೆಲಸ. ನಾಳೆ ನಡೆದರಾಯಿತು ಅನ್ನುತ್ತಾ ಅನ್ನುತ್ತಾ ಎರಡೂವರೆ ತಿಂಗಳು ಲೆಡ್ಜರ್ ಖಾಲಿ. ಸಿಹಿ ಬಾಟಲಿಗೆ ವಾಪಸ್ ಹೋಗಲಿಲ್ಲ, ತೂಕ ಏರಿದ್ದು ಬರೀ 600 ಗ್ರಾಂ. ಏನೂ ಆಗಿಲ್ಲ ಅಂದುಕೊಂಡೇ ಮೂರನೇ ಸ್ಕ್ಯಾನ್‌ಗೆ ಹೋದೆ. ಕ್ಯಾಪ್ 279. ಯಂತ್ರ ಈ ಸಲವೂ ನನಗೆ ಏನೂ ಹೇಳಿರಲಿಲ್ಲ.

ಬೇಜಾರಾಯಿತು. ಆದರೆ ಕಾರಣ ತಿಳಿಯದ ಬೇಜಾರಲ್ಲ. ಸ್ನಾಯು ಸಕ್ಕರೆಗೆ ಬಾಗಿಲು ತೆರೆದಿಟ್ಟುಕೊಳ್ಳುವುದು ವ್ಯಾಯಾಮ ಆದ ಒಂದೆರಡು ದಿನ ಮಾತ್ರ, ಆಮೇಲೆ ಮತ್ತೆ ಮುಚ್ಚಿಕೊಳ್ಳುತ್ತದೆ. ಸೋರಿಕೆ ಮತ್ತೆ ಶುರು. ಇದು ಒಂದು ಸಲ ತೀರಿಸಿ ಮುಗಿಸುವ ಸಾಲ ಅಂತ ನಾನು ತಿಳಿದಿದ್ದೆ. ಬಾಡಿಗೆ ಇದು, ಪ್ರತಿ ವಾರ ಕಟ್ಟಬೇಕು. ಐದು ದಿನದ ವ್ಯಾಯಾಮವನ್ನು ಶನಿವಾರ ಭಾನುವಾರ ಒಟ್ಟಿಗೆ ಮಾಡಿಬಿಡುತ್ತೇನೆ ಅಂತ ಒಮ್ಮೆ ಯೋಚಿಸಿದ್ದೆ. ಈಗ ಎರಡು ದಿನಕ್ಕಿಂತ ಜಾಸ್ತಿ ಅಂತರ ಬಿಡುವುದಿಲ್ಲ.

ಮತ್ತೆ 15 ನಿಮಿಷದಿಂದ ಶುರು ಮಾಡಿ ಹತ್ತು ವಾರ ಆಯಿತು. ಕೆಲಸ ಜಾಸ್ತಿ ಇದ್ದ ದಿನ 30 ನಿಮಿಷವನ್ನು ಮೂರು ಹತ್ತಾಗಿ ಮುರಿಯುತ್ತೇನೆ. ಅಕ್ಕನಿಗೂ ಸ್ಕ್ಯಾನ್‌ನಲ್ಲಿ ಗ್ರೇಡ್ 1 ಬಂದಿದೆ, ಕೆಲವು ದಿನ ಅವಳೂ ಜೊತೆಗೆ ಬರುತ್ತಾಳೆ. ಅವಳು ನಡೆಯುವಾಗ ಸರಾಗವಾಗಿ ಹಾಡುತ್ತಾಳೆ, ವೇಗ ಏರಿಸು ಅಂದರೆ ಜಗಳಕ್ಕೆ ಬರುತ್ತಾಳೆ.

ಮುಂದಿನ ಸ್ಕ್ಯಾನ್ ಇನ್ನು ಮೂರು ತಿಂಗಳಿಗೆ. ಈ ವಾರ ನಡಿಗೆ 120 ನಿಮಿಷ, ಭಾರ 40 ನಿಮಿಷ. ಮೊತ್ತ 620. ಬಾಕಿ 130. ನಾಲ್ಕರಿಂದ ಭಾಗಿಸಿದರೆ 32.5 ನಿಮಿಷ. ಇವತ್ತು ಭಾನುವಾರ, ಗಂಟೆ ಐದೂಕಾಲು. ಲೇಸ್ ಹೊಸದು ಹಾಕಿದ್ದೇನೆ.